ಗೋಲು ಕಾದರು, ಓದನ್ನೂ ಕಾದರು

ಮಗನೋ ಮಗಳೋ ಆಟದಲ್ಲಿ ಮುಂದಿದ್ದರೆ ಮನೆಯಲ್ಲಿ ಸಂತೋಷದ ಜತೆಗೆ ಒಂದು ಆತಂಕವೂ ಹುಟ್ಟಿಕೊಳ್ಳುತ್ತದೆ. ಹತ್ತನೇ ತರಗತಿ ಹತ್ತಿರವಾದಂತೆಲ್ಲ ಆ ಆತಂಕ ಬೆಳೆಯುತ್ತದೆ. ‘ಆಟ ನಾಳೆ ಅನ್ನ ಹಾಕುತ್ತದೆಯೇ?’ ಎಂದು ಅಪ್ಪ ಕೇಳುತ್ತಾರೆ. ‘ಈ ವಯಸ್ಸಿನಲ್ಲಿ ಆಡದೆ ಇನ್ನು ಯಾವಾಗ ಆಡಲಿ?’ ಎಂದು ಮಕ್ಕಳು ಕೇಳುತ್ತಾರೆ. ಎರಡು ಪ್ರಶ್ನೆಗಳಲ್ಲೂ ನ್ಯಾಯವಿದೆ. ಆದ್ದರಿಂದಲೇ ಈ ವಾದ ಸುಲಭಕ್ಕೆ ಮುಗಿಯುವುದಿಲ್ಲ.

ಇದು ನಮ್ಮ ಮನೆಗಳಿಗೆ ಮಾತ್ರ ಸೀಮಿತವಾದ ವಾದವೇನಲ್ಲ. ನಮ್ಮಲ್ಲಿ ಕ್ರಿಕೆಟ್ ಹೇಗೋ ಕೆನಡಾ ದೇಶದಲ್ಲಿ ಐಸ್ ಹಾಕಿ ಹಾಗೆ. ಅಲ್ಲಿ 1960ರ ದಶಕದಲ್ಲಿ ಚೆನ್ನಾಗಿ ಆಡುವ ಹುಡುಗನ ಮುಂದೆ ಇದ್ದದ್ದು ಬಹುಮಟ್ಟಿಗೆ ಒಂದೇ ದಾರಿ. ಹದಿನಾರು ಹದಿನೇಳರ ವಯಸ್ಸಿಗೆ ಮನೆ ಬಿಟ್ಟು ಜೂನಿಯರ್ ಲೀಗ್‌ ಸೇರಬೇಕು, ಓದನ್ನು ಹಿಂದಕ್ಕೆ ಹಾಕಿ ವೃತ್ತಿಪರ ತಂಡದ ಕರೆಗಾಗಿ ಕಾಯಬೇಕು. ಕರೆ ಬಂದವರು ಕೆಲವರು. ಬಾರದೆ ಉಳಿದವರೇ ಬಹಳ. ಆ ದಾರಿಯಲ್ಲಿ ಹೋಗುವುದಿಲ್ಲ ಎಂದು ಹೇಳಿ, ಬೇರೆ ದಾರಿಯಿಂದ ಅದೇ ಶಿಖರವನ್ನು ಏರಿದ ಒಬ್ಬ ಆಟಗಾರರಿದ್ದಾರೆ. ಅವರ ಹೆಸರು ಕೆನ್ ಡ್ರೈಡನ್. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್ ಕೀಪರ್ ಆಗಿ ಎಂಟು ಋತುಗಳಲ್ಲಿ ಆರು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದವರು. ಅದೇ ಅವಧಿಯಲ್ಲಿ ಕಾನೂನು ಪದವಿಯನ್ನೂ ಪಡೆದವರು.

ಗೋಲಿನ ಮುಂದಿನ ಕೆಲಸ

ಡ್ರೈಡನ್ ಅವರ ಬದುಕು ಅರ್ಥವಾಗಬೇಕಾದರೆ ಮೊದಲು ಅವರು ಮಾಡುತ್ತಿದ್ದ ಕೆಲಸ ಅರ್ಥವಾಗಬೇಕು. ಐಸ್ ಹಾಕಿ ನಡೆಯುವುದು ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಮಂಜುಗಡ್ಡೆಯ ಹಾಸಿನ ಮೇಲೆ. ಒಂದೊಂದು ತಂಡದಿಂದ ಆರು ಮಂದಿ ಕಣದಲ್ಲಿರುತ್ತಾರೆ. ಐವರು ಆಡುವವರು, ಒಬ್ಬ ಗೋಲ್ ಕೀಪರ್. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ತೂಕ ಸುಮಾರು 160 ಗ್ರಾಂ. ಪುಟಿಯದೆ ಜಾರಲಿ ಎಂದು ಪಂದ್ಯಕ್ಕೆ ಮುನ್ನ ಅದನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಬಲವಾಗಿ ಹೊಡೆದರೆ ಅದು ಗಂಟೆಗೆ 150 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹಾರಿ ಬರುತ್ತದೆ.

ಅದನ್ನು ತಡೆಯಲು ಆರಡಿ ಅಗಲ, ನಾಲ್ಕಡಿ ಎತ್ತರದ ಗೋಲಿನ ಮುಂದೆ ಒಬ್ಬನೇ ನಿಲ್ಲಬೇಕು. ಕಾಲಿಗೆ ದಪ್ಪ ಪ್ಯಾಡು, ಒಂದು ಕೈಗೆ ಹಿಡಿಯುವ ಗವಸು, ಇನ್ನೊಂದು ಕೈಯಲ್ಲಿ ಅಗಲವಾದ ಸ್ಟಿಕ್. ಉಳಿದ ಆಟಗಾರರು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಣದಲ್ಲಿ ಉಳಿಯುವುದು ಅಪರೂಪ. ಸರದಿಯಂತೆ ಬೆಂಚಿಗೆ ಹೋಗಿ ದಣಿವಾರಿಸಿಕೊಳ್ಳುತ್ತಾರೆ. ಗೋಲ್ ಕೀಪರ್ ಮಾತ್ರ ಪಂದ್ಯದುದ್ದಕ್ಕೂ ಅಲ್ಲೇ ನಿಂತಿರಬೇಕು. ಮುಂದಾಳು ಹತ್ತು ಅವಕಾಶ ಕಳೆದುಕೊಂಡು ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಆತ ವೀರ. ಗೋಲ್ ಕೀಪರ್ ಹತ್ತನ್ನು ತಡೆದು ಹನ್ನೊಂದನೆಯದನ್ನು ಬಿಟ್ಟರೆ ಬೆನ್ನ ಹಿಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆ ತಪ್ಪು ಇಡೀ ಕ್ರೀಡಾಂಗಣಕ್ಕೆ ಕಾಣುತ್ತದೆ.

ಮುಖಕ್ಕೆ ಕವಚ ಬಂದದ್ದೂ ತಡವಾಗಿಯೇ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ನಡೆದ ಪಂದ್ಯದಲ್ಲಿ ಮಾಂಟ್ರಿಯಲ್‌ನ ಗೋಲ್ ಕೀಪರ್ ಜಾಕ್ ಪ್ಲಾಂಟ್ ಅವರ ಮುಖಕ್ಕೆ ಪಕ್ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಬಂದ ಪ್ಲಾಂಟ್, ಮುಖಕವಚ ಹಾಕದೆ ಮತ್ತೆ ಕಣಕ್ಕಿಳಿಯಲು ಒಪ್ಪಲಿಲ್ಲ. ಕವಚ ತೊಟ್ಟರೆ ಧೈರ್ಯ ಕಡಿಮೆ ಎಂದು ಜನ ತಿಳಿದುಕೊಳ್ಳುತ್ತಿದ್ದ ಕಾಲ ಅದು. ಅಂದಿನಿಂದ ಕವಚ ನಿಧಾನವಾಗಿ ರೂಢಿಗೆ ಬಂತು. ಇದೇ ಮಾಂಟ್ರಿಯಲ್ ತಂಡದ ಗೋಲನ್ನು ಹನ್ನೆರಡು ವರ್ಷಗಳ ಬಳಿಕ ಕಾಯಲು ಬಂದವರು ಡ್ರೈಡನ್.

ಹಿತ್ತಲೇ ಮೈದಾನ

ಕೆನ್ ಹುಟ್ಟಿದ್ದು 1947ರ ಆಗಸ್ಟ್ 8ರಂದು, ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ನಿನಲ್ಲಿ. ಬೆಳೆದದ್ದು ಟೊರಾಂಟೊ ಪಕ್ಕದ ಎಟೋಬಿಕೋದಲ್ಲಿ. ತಂದೆ ಮರ್ರೆ ಡ್ರೈಡನ್ ಕಟ್ಟಡ ಸಾಮಗ್ರಿಗಳ ವ್ಯಾಪಾರದಲ್ಲಿದ್ದವರು. ಹೂವು ತರಕಾರಿ ಬೆಳೆಯಬಹುದಾಗಿದ್ದ ಮನೆಯ ಹಿತ್ತಲಿಗೆ ಅವರು ಡಾಂಬರು ಹಾಕಿಸಿ, ಗೋಲುಕಂಬ ನಿಲ್ಲಿಸಿ, ಮಕ್ಕಳಿಗೆ ಆಡಲು ಬಿಟ್ಟುಕೊಟ್ಟರು. ಬೀದಿಯ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದರು. ಕೆನ್‌ಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಡೇವ್ ಗೋಲ್ ಕೀಪರ್ ಆಗಿದ್ದ. ತಮ್ಮನೂ ಅದನ್ನೇ ಹಿಡಿದ.

ಈ ತಂದೆಯ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. 1970ರಲ್ಲಿ ಅವರು ಪತ್ನಿ ಮಾರ್ಗರೆಟ್ ಜತೆ ಸೇರಿ ಒಂದು ಸೇವಾಸಂಸ್ಥೆಯನ್ನು ಹುಟ್ಟುಹಾಕಿದರು. ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನೆಲದ ಮೇಲೆ ಮಲಗುವ ಬಡ ಮಕ್ಕಳಿಗೆ ಹಾಸಿಗೆ, ಹೊದಿಕೆ, ಸೊಳ್ಳೆಪರದೆ ಒದಗಿಸುವುದು ಅದರ ಕೆಲಸ. ಮಕ್ಕಳು ಆಟವಾಡಲಿ ಎಂದು ಹಿತ್ತಲು ಬಿಟ್ಟುಕೊಟ್ಟವರು, ಮಕ್ಕಳು ನಿದ್ದೆ ಮಾಡಲಿ ಎಂದು ದೇಶ ದೇಶ ತಿರುಗಿದರು. ಆಟವೇ ಸರ್ವಸ್ವ ಎಂಬ ಮಾತು ಆ ಮನೆಯಲ್ಲಿ ನಡೆಯುವಂತಿರಲಿಲ್ಲ. ಅಣ್ಣ ಡೇವ್ ಕೂಡ ಎನ್‌ಎಚ್‌ಎಲ್‌, ಅಂದರೆ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಿದರು. ಜೊತೆಗೆ ಶಾಲಾ ಶಿಕ್ಷಕರಾಗಿ, ಮುಂದೆ ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದರು.

ಮೊದಲನೆಯ ‘ಬೇಡ’

1964ರಲ್ಲಿ, ಕೆನ್‌ಗೆ ಹದಿನಾರು ವರ್ಷವಿದ್ದಾಗ, ವೃತ್ತಿಪರ ತಂಡಗಳು ಹುಡುಗರನ್ನು ಮುಂಗಡವಾಗಿ ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡ ಆತನನ್ನು ಹದಿನಾಲ್ಕನೆಯವನಾಗಿ ಆರಿಸಿಕೊಂಡಿತು. ಅದೇ ತಿಂಗಳಲ್ಲಿ ಅವನ ಹಕ್ಕನ್ನು ಮಾಂಟ್ರಿಯಲ್‌ಗೆ ಬಿಟ್ಟುಕೊಟ್ಟಿತು. ಏಳು ವರ್ಷಗಳ ನಂತರ ಇದಕ್ಕಾಗಿ ಬಾಸ್ಟನ್ ತಲೆ ಚಚ್ಚಿಕೊಳ್ಳಬೇಕಾಯಿತು.

ಮಾಂಟ್ರಿಯಲ್ ತಂಡ ಬಯಸಿದ್ದು ಹುಡುಗ ಜೂನಿಯರ್ ಲೀಗ್‌ನಲ್ಲಿ ಆಡಿ ಪಳಗಲಿ ಎಂದು. ಆದರೆ ಕೆನ್ ಹೈಸ್ಕೂಲು ಮುಗಿಸಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಹಾಕಿ ದೇಶದ ಹುಡುಗನೊಬ್ಬ ಕಾಲೇಜು ಓದಲು ಹೋದರೆ ಆಟದ ಮಟ್ಟಿಗೆ ಮುಗಿದಂತೆಯೇ ಎಂಬ ನಂಬಿಕೆ ಆಗ ಬಲವಾಗಿತ್ತು. ಕಾರ್ನೆಲ್‌ನಲ್ಲಿ ಅವರು ಇತಿಹಾಸ ಓದಿದರು. ಕಾಲೇಜು ತಂಡದ ಪರ ಆಡಿದ 81 ಪಂದ್ಯಗಳಲ್ಲಿ 76 ಗೆದ್ದು, ಒಂದನ್ನು ಸಮ ಮಾಡಿಕೊಂಡು, ನಾಲ್ಕನ್ನು ಮಾತ್ರ ಸೋತರು. 1967ರಲ್ಲಿ ಕಾರ್ನೆಲ್ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. 1969ರಲ್ಲಿ ಪದವಿ ಕೈಗೆ ಬಂತು.

ಆಗಲೂ ಅವರು ನೇರವಾಗಿ ಮಾಂಟ್ರಿಯಲ್‌ಗೆ ಹೋಗಲಿಲ್ಲ. ಕೆನಡಾದ ರಾಷ್ಟ್ರೀಯ ತಂಡದಲ್ಲಿ ಆಡುತ್ತ ಮ್ಯಾನಿಟೋಬ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಬಹುದೆಂಬ ಕಾರಣಕ್ಕೆ ಆ ತಂಡವನ್ನು ಆರಿಸಿಕೊಂಡರು. ದುರದೃಷ್ಟಕ್ಕೆ 1970ರಲ್ಲಿ ಕೆನಡಾ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಹಿಂದೆ ಸರಿಯಿತು, ರಾಷ್ಟ್ರೀಯ ತಂಡದ ಯೋಜನೆಯೇ ನಿಂತುಹೋಯಿತು. ಡ್ರೈಡನ್ ಮಾಂಟ್ರಿಯಲ್‌ಗೆ ಬಂದರು. ಬಂದದ್ದು ಕೂಡ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದು ಮುಂದುವರಿಸುವ ಏರ್ಪಾಡಿನೊಂದಿಗೆ. ಹೀಗೆ ಹಗಲು ತರಗತಿ, ಸಂಜೆ ಹಾಕಿ ಎಂಬ ಜೀವನ ಶುರುವಾಯಿತು. ಮೊದಲಿಗೆ ಅವರನ್ನು ಹಾಕಿದ್ದು ಮಾಂಟ್ರಿಯಲ್‌ನ ಎರಡನೇ ದರ್ಜೆಯ ತಂಡಕ್ಕೆ.

ಆರು ಪಂದ್ಯಗಳ ಅನುಭವ

1971ರ ಮಾರ್ಚ್ 14ರಂದು ಡ್ರೈಡನ್ ಎನ್‌ಎಚ್‌ಎಲ್‌ನ ಮೊದಲ ಪಂದ್ಯ ಆಡಿದರು. ಅದಾದ ಆರನೇ ದಿನ, ಮಾರ್ಚ್ 20ರಂದು, ಎದುರಾದದ್ದು ಬಫಲೊ ತಂಡ. ಅದರ ಗೋಲಿನಲ್ಲಿ ನಿಂತಿದ್ದವರು ಅಣ್ಣ ಡೇವ್. ಮಾಂಟ್ರಿಯಲ್‌ನ ಮುಖ್ಯ ಗೋಲ್ ಕೀಪರ್ ಗಾಯಗೊಂಡಾಗ ತಮ್ಮ ಕಣಕ್ಕಿಳಿದರು. ಎನ್‌ಎಚ್‌ಎಲ್‌ನಲ್ಲಿ ಅಣ್ಣ ತಮ್ಮಂದಿರು ಎದುರುಬದುರು ಗೋಲು ಕಾಯ್ದದ್ದು ಅದೇ ಮೊದಲು. ಹಿತ್ತಲಿನಲ್ಲಿ ಡಾಂಬರು ಹಾಕಿಸಿದ ಅಪ್ಪನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇರೆ ಇರಲಾರದು.

ಆ ಋತುವಿನ ಲೀಗ್ ಹಂತದಲ್ಲಿ ಡ್ರೈಡನ್ ಆಡಿದ್ದು ಆರೇ ಪಂದ್ಯ, ಆರನ್ನೂ ಗೆದ್ದರು. ಆನಂತರ ಬಂತು ಸ್ಟ್ಯಾನ್ಲಿ ಕಪ್‌ಗಾಗಿ ನಡೆಯುವ ಪ್ಲೇ ಆಫ್. ಮೊದಲ ಸುತ್ತಿನಲ್ಲೇ ಎದುರಾಳಿ ಬಾಸ್ಟನ್. ಹಿಂದಿನ ವರ್ಷದ ಚಾಂಪಿಯನ್. ಆ ಋತುವಿನಲ್ಲಿ 57 ಪಂದ್ಯ ಗೆದ್ದು 399 ಗೋಲು ಹೊಡೆದಿದ್ದ ತಂಡ. ಅದರ ಫಿಲ್ ಎಸ್ಪೊಸಿಟೊ ಒಬ್ಬರೇ 76 ಗೋಲು ಬಾರಿಸಿದ್ದರು. ಇಂಥ ತಂಡದ ಮುಂದೆ ಆರು ಪಂದ್ಯ ಆಡಿದ ಕಾನೂನು ವಿದ್ಯಾರ್ಥಿಯನ್ನು ನಿಲ್ಲಿಸುವುದು ಎಂದರೆ ಹುಚ್ಚಾಟವೆಂದೇ ಹಲವರು ತಿಳಿದಿದ್ದರು.

ಎರಡನೇ ಪಂದ್ಯದಲ್ಲಿ ಬಾಸ್ಟನ್ 5-1ರಿಂದ ಮುಂದಿತ್ತು. ಅಲ್ಲಿಂದ ಮಾಂಟ್ರಿಯಲ್ ಎದ್ದು ನಿಂತು 7-5ರಿಂದ ಗೆದ್ದಿತು. ಏಳನೇ ಪಂದ್ಯಕ್ಕೆ ಹೋದ ಹಣಾಹಣಿಯನ್ನು ಬಾಸ್ಟನ್‌ನ ನೆಲದಲ್ಲೇ 4-2ರಿಂದ ಮುಗಿಸಿತು. ನಂತರ ಮಿನೆಸೋಟ ತಂಡವನ್ನು ಆರು ಪಂದ್ಯಗಳಲ್ಲಿ, ಫೈನಲ್‌ನಲ್ಲಿ ಷಿಕಾಗೊವನ್ನು ಏಳು ಪಂದ್ಯಗಳಲ್ಲಿ ಸೋಲಿಸಿ ಕಪ್ ಗೆದ್ದಿತು. ಈ ಇಪ್ಪತ್ತೂ ಪಂದ್ಯಗಳಲ್ಲಿ ಗೋಲು ಕಾದವರು ಡ್ರೈಡನ್. ಪ್ಲೇ ಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಅವರಿಗೆ ಸಂದಿತು. ವಿಚಿತ್ರವೆಂದರೆ ಶ್ರೇಷ್ಠ ಹೊಸ ಆಟಗಾರನಿಗೆ ಮೀಸಲಾದ ಕಾಲ್ಡರ್ ಟ್ರೋಫಿ ಅವರಿಗೆ ಸಿಕ್ಕಿದ್ದು ಅದರ ಮರುವರ್ಷ, 1972ರಲ್ಲಿ. ಲೀಗ್ ಪಂದ್ಯ ಆರೇ ಆಡಿದ್ದರಿಂದ ನಿಯಮದ ಪ್ರಕಾರ ಅವರು ಇನ್ನೂ ‘ಹೊಸಬ’ರೇ ಆಗಿದ್ದರು!

ಆ ಗೆಲುವಿನ ಬೇಸಿಗೆಯನ್ನು ಅವರು ಮೆರವಣಿಗೆಗಳಲ್ಲಿ ಕಳೆಯಲಿಲ್ಲ. ಗ್ರಾಹಕರ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಅವರ ಬಳಗದಲ್ಲಿ ವಿದ್ಯಾರ್ಥಿಯಾಗಿ ದುಡಿದರು.

ಸೋತಾಗ ಕಲಿತದ್ದು

1972ರ ಸೆಪ್ಟೆಂಬರಿನಲ್ಲಿ ಕೆನಡಾದ ವೃತ್ತಿಪರ ಆಟಗಾರರು ಮೊದಲ ಬಾರಿಗೆ ಸೋವಿಯತ್ ಒಕ್ಕೂಟದ ತಂಡವನ್ನು ಎಂಟು ಪಂದ್ಯಗಳ ಸರಣಿಯಲ್ಲಿ ಎದುರಿಸಿದರು. ನಾಲ್ಕು ಕೆನಡಾದಲ್ಲಿ, ನಾಲ್ಕು ಮಾಸ್ಕೋದಲ್ಲಿ. ಎಲ್ಲವನ್ನೂ ಕೆನಡಾವೇ ಗೆಲ್ಲುತ್ತದೆ ಎಂಬ ಲೆಕ್ಕ ನಡೆದಿತ್ತು. ಮಾಂಟ್ರಿಯಲ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲೇ ಸೋವಿಯತ್ ತಂಡ 7-3ರಿಂದ ಗೆದ್ದಿತು. ಏಳು ಗೋಲು ಬಿಟ್ಟವರು ಡ್ರೈಡನ್. ನಾಲ್ಕನೇ ಪಂದ್ಯದಲ್ಲಿ ಮತ್ತೆ ಅವರೇ ನಿಂತರು, ಕೆನಡಾ ಮತ್ತೆ ಸೋತಿತು. ದೇಶದ ಜನ ತಮ್ಮದೇ ತಂಡವನ್ನು ನೋಡಿ ಕೂಗಾಡಿದರು.

ತೊಂದರೆ ಎಲ್ಲಿದೆ ಎಂಬುದನ್ನು ಡ್ರೈಡನ್ ಕಂಡುಕೊಂಡರು. ಎನ್‌ಎಚ್‌ಎಲ್‌ನಲ್ಲಿ ಎದುರಾಳಿ ಹೊಡೆಯಲು ಬಂದಾಗ ಗೋಲ್ ಕೀಪರ್ ಗೋಲು ಬಿಟ್ಟು ಮುಂದಕ್ಕೆ ಬರುತ್ತಾನೆ. ದೀಪದ ಹತ್ತಿರ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ದೊಡ್ಡದಾಗುವಂತೆ, ಹೊಡೆಯುವವನ ಹತ್ತಿರ ಹೋದಷ್ಟೂ ಗೋಲು ಮರೆಯಾಗುತ್ತದೆ. ಆರಡಿ ನಾಲ್ಕು ಅಂಗುಲ ಎತ್ತರದ ಡ್ರೈಡನ್ ಅವರಿಗೆ ಈ ಉಪಾಯ ಚೆನ್ನಾಗಿ ಒಗ್ಗಿತ್ತು. ಆದರೆ ಸೋವಿಯತ್ ಆಟಗಾರರು ಹೊಡೆಯುವ ಬದಲು ಅಡ್ಡಲಾಗಿ ಪಾಸು ಕೊಡುತ್ತಿದ್ದರು. ಮುಂದೆ ಬಂದ ಗೋಲ್ ಕೀಪರ್ ಹಿಂತಿರುಗುವಷ್ಟರಲ್ಲಿ ಇನ್ನೊಂದು ಬದಿಯಿಂದ ಗೋಲಾಗುತ್ತಿತ್ತು. ಡ್ರೈಡನ್ ರೂಢಿಯನ್ನು ಬದಲಿಸಿ, ಗೋಲಿಗೆ ಅಂಟಿಕೊಂಡು ಹಿಂದೆಯೇ ನಿಲ್ಲಲು ಅಭ್ಯಾಸ ಮಾಡಿಕೊಂಡರು. ಮಾಸ್ಕೋದ ಆರನೇ ಪಂದ್ಯವನ್ನು ಕೆನಡಾ 3-2ರಿಂದ ಗೆದ್ದಿತು. ಎಂಟನೇ ಪಂದ್ಯದಲ್ಲಿ ಇನ್ನು 34 ಸೆಕೆಂಡು ಉಳಿದಿದ್ದಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲಿನಿಂದ 6-5ರ ಗೆಲುವೂ, ಅದರೊಂದಿಗೆ ಸರಣಿಯೂ ಕೆನಡಾದ್ದಾಯಿತು. ವರ್ಷಗಟ್ಟಲೆ ಗೆಲ್ಲಿಸಿಕೊಟ್ಟ ವಿಧಾನವನ್ನು ಕೆಲವೇ ದಿನಗಳಲ್ಲಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಎರಡನೆಯ ‘ಬೇಡ’

1973ರಲ್ಲಿ ಮಾಂಟ್ರಿಯಲ್ ಮತ್ತೆ ಸ್ಟ್ಯಾನ್ಲಿ ಕಪ್ ಗೆದ್ದಿತು. ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಗೋಲ್ ಕೀಪರ್‌ಗೆ ಆಗ ಕೊಡುತ್ತಿದ್ದ ವೆಜಿನಾ ಟ್ರೋಫಿ ಡ್ರೈಡನ್ ಅವರದಾಯಿತು. ಅದೇ ವರ್ಷ ಮೆಕ್‌ಗಿಲ್‌ನಿಂದ ಕಾನೂನು ಪದವಿಯೂ ಬಂತು. ವಯಸ್ಸು ಇಪ್ಪತ್ತಾರು. ಇನ್ನೇನು, ಆಟದಲ್ಲಿ ಕೈತುಂಬ ಸಂಪಾದಿಸುವ ಕಾಲ ಎಂದು ಯಾರಾದರೂ ಹೇಳುತ್ತಿದ್ದರು.

ಆದರೆ ತಂಡ ಕೊಡಲು ಒಪ್ಪಿದ ಸಂಬಳ ತಮ್ಮ ದುಡಿಮೆಗೆ ತಕ್ಕುದಲ್ಲ ಎಂಬುದು ಡ್ರೈಡನ್ ಅವರ ವಾದವಾಗಿತ್ತು. ಅದು ಬಗೆಹರಿಯಲಿಲ್ಲ. ಆಗ ಅವರು 1973-74ರ ಇಡೀ ಋತುವನ್ನು ಬಿಟ್ಟು ಟೊರಾಂಟೊಗೆ ಹೋಗಿ ವಕೀಲರ ಸಂಸ್ಥೆಯೊಂದರಲ್ಲಿ ಉಮೇದುವಾರಿಗೆ ಸೇರಿದರು. ವಕೀಲಿಕೆಗೆ ಅರ್ಹತೆ ಪಡೆಯಲು ಹಾಗೆ ಹಿರಿಯರ ಕೈಕೆಳಗೆ ಕೆಲಸ ಮಾಡುವುದು ಕಡ್ಡಾಯವಾಗಿತ್ತು. ಸಂಬಳ ವಾರಕ್ಕೆ ಸುಮಾರು 135 ಡಾಲರ್. ಸಾವಿರಾರು ಜನ ಹೆಸರು ಕೂಗುತ್ತಿದ್ದ ಆಟಗಾರ, ಕಾಗದಪತ್ರಗಳ ನಡುವೆ ಕಿರಿಯ ಸಹಾಯಕನಾಗಿ ಕುಳಿತರು.

ಅವರಿಲ್ಲದ ವ್ಯತ್ಯಾಸ ಮಾಂಟ್ರಿಯಲ್‌ಗೆ ಬೇಗ ತಿಳಿಯಿತು. ಹಿಂದಿನ ಋತುವಿನಲ್ಲಿ 184 ಗೋಲು ಬಿಟ್ಟಿದ್ದ ತಂಡ ಈ ಬಾರಿ 240 ಬಿಟ್ಟಿತು. ಪ್ಲೇ ಆಫ್‌ನ ಮೊದಲ ಸುತ್ತಿನಲ್ಲೇ ನ್ಯೂಯಾರ್ಕ್ ರೇಂಜರ್ಸ್ ಎದುರು ಸೋತು ಮನೆಗೆ ಹೋಯಿತು. ಮರುವರ್ಷ ಡ್ರೈಡನ್ ತಂಡಕ್ಕೆ ಹಿಂತಿರುಗಿದರು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕೈಯಲ್ಲಿ ಇನ್ನೊಂದು ವಿದ್ಯೆ ಇಲ್ಲದಿದ್ದರೆ ಡ್ರೈಡನ್ ಅವರಿಗೆ ಆ ವರ್ಷ ‘ಬೇಡ’ ಎನ್ನುವ ಶಕ್ತಿಯೇ ಇರುತ್ತಿರಲಿಲ್ಲ. ಆಟ ಬಿಟ್ಟರೆ ಬೇರೇನೂ ಗೊತ್ತಿಲ್ಲದವರು ಕೊಟ್ಟಷ್ಟು ತೆಗೆದುಕೊಂಡು ಆಡಬೇಕಾಗುತ್ತದೆ. ಓದು ಅವರಿಗೆ ಆಟ ಕೈಕೊಟ್ಟ ಮೇಲೆ ಬೇಕಾದ ಊರುಗೋಲು ಮಾತ್ರ ಆಗಿರಲಿಲ್ಲ. ಆಡುತ್ತಿರುವಾಗಲೇ ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ನೆರವಾಯಿತು.

ಕೆಲಸವಿಲ್ಲದ ಕಷ್ಟ

1976ರಿಂದ 1979ರವರೆಗೆ ಮಾಂಟ್ರಿಯಲ್ ಸತತ ನಾಲ್ಕು ಬಾರಿ ಕಪ್ ಗೆದ್ದಿತು. 1976-77ರಲ್ಲಿ ಲೀಗ್ ಹಂತದ 80 ಪಂದ್ಯಗಳಲ್ಲಿ ಸೋತದ್ದು ಎಂಟು ಮಾತ್ರ. ತರಬೇತುದಾರ ಸ್ಕಾಟಿ ಬೋಮನ್, ಮುಂದಾಳು ಗೀ ಲಾಫ್ಲೂರ್, ರಕ್ಷಣೆಯಲ್ಲಿ ಲ್ಯಾರಿ ರಾಬಿನ್ಸನ್, ಸರ್ಜ್ ಸವಾರ್, ಗೀ ಲಪಾಂಟ್ ಇದ್ದ ತಂಡ ಅದು. ಇಂಥವರು ಮುಂದಿದ್ದರೆ ಗೋಲ್ ಕೀಪರ್‌ಗೆ ಏನು ಕೆಲಸ ಎಂದು ಕೇಳುವವರಿದ್ದರು.

ಉತ್ತರ 1975ರ ಡಿಸೆಂಬರ್ 31ರ ಪಂದ್ಯದಲ್ಲಿದೆ. ಮಾಂಟ್ರಿಯಲ್‌ಗೆ ಎದುರಾಗಿ ಮಾಸ್ಕೋದ ಸೇನಾ ತಂಡ ಆಡಿತು. ಮಾಂಟ್ರಿಯಲ್ 38 ಬಾರಿ ಗೋಲಿನತ್ತ ಹೊಡೆಯಿತು. ಸೋವಿಯತ್ ಗೋಲ್ ಕೀಪರ್ ವ್ಲಾಡಿಸ್ಲಾವ್ ಟ್ರೆಟಿಯಾಕ್ ಮೂರನ್ನು ಮಾತ್ರ ಬಿಟ್ಟರು. ಇತ್ತ ಡ್ರೈಡನ್ ಎದುರಿಸಿದ್ದು ಕೇವಲ 13 ಹೊಡೆತ. ಅವರು ಬಿಟ್ಟದ್ದೂ ಮೂರು. ಪಂದ್ಯ 3-3ರಲ್ಲಿ ಸಮವಾಯಿತು. ಐಸ್ ಹಾಕಿಯ ಅತ್ಯುತ್ತಮ ಪಂದ್ಯಗಳಲ್ಲಿ ಒಂದೆಂದು ಅದನ್ನು ಈಗಲೂ ನೆನೆಯುತ್ತಾರೆ. ಡ್ರೈಡನ್ ಪಾಲಿಗೆ ಅದು ಕಹಿ ರಾತ್ರಿ.

ಬಿಡುವಿಲ್ಲದೆ ಪಕ್ ಬರುತ್ತಿದ್ದರೆ ಗೋಲ್ ಕೀಪರ್‌ನ ಮೈ ಬಿಸಿಯಾಗಿರುತ್ತದೆ, ಮನಸ್ಸು ಎಚ್ಚರವಾಗಿರುತ್ತದೆ. ಹತ್ತು ನಿಮಿಷ ಏನೂ ಬಾರದೆ ಹನ್ನೊಂದನೇ ನಿಮಿಷದಲ್ಲಿ ಏಕಾಏಕಿ ಒಂದು ಬಂದರೆ ತಡೆಯುವುದು ಕಷ್ಟ. ಬಲಿಷ್ಠ ತಂಡದ ಗೋಲ್ ಕೀಪರ್‌ನ ಪರೀಕ್ಷೆ ಇರುವುದು ಹೀಗೆ ಕಾಯುವುದರಲ್ಲಿ. ಆಟ ಆಚೆ ತುದಿಯಲ್ಲಿ ನಡೆಯುತ್ತಿರುವಾಗ ಡ್ರೈಡನ್ ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಎರಡೂ ಕೈಗಳನ್ನು ಒಂದರ ಮೇಲೊಂದು ಇಟ್ಟು, ಗದ್ದ ಊರಿ ನೋಡುತ್ತ ನಿಲ್ಲುತ್ತಿದ್ದರು. ಹೊಲದ ಬದುವಿನಲ್ಲಿ ಕೋಲೂರಿ ನಿಂತ ರೈತನ ಭಂಗಿ. ಕೆನಡಾದಲ್ಲಿ ಅವರೆಂದರೆ ಜನರಿಗೆ ಮೊದಲು ನೆನಪಾಗುವುದು ಆ ಚಿತ್ರವೇ. ನೋಡುವವರಿಗೆ ಅದು ನಿಶ್ಚಿಂತೆಯಂತೆ ಕಂಡಿತು. ಆದರೆ ಬೇಸರವನ್ನೂ ಭಯವನ್ನೂ ದೂರವಿಟ್ಟು, ಮುಂದಿನ ಒಂದು ಹೊಡೆತಕ್ಕಾಗಿ ಮನಸ್ಸನ್ನು ಕಟ್ಟಿಡುವ ಕೆಲಸ ಒಳಗೆ ನಡೆದೇ ಇರುತ್ತಿತ್ತು.

ಮೂರನೆಯ ‘ಬೇಡ’

1979ರಲ್ಲಿ, ನಾಲ್ಕನೇ ಸತತ ಕಪ್ ಗೆದ್ದ ಬೇಸಿಗೆಯಲ್ಲಿ, ಡ್ರೈಡನ್ ನಿವೃತ್ತರಾದರು. ವಯಸ್ಸು 31. ಮಾಂಟ್ರಿಯಲ್ ಪರ ಲೀಗ್ ಹಂತದಲ್ಲಿ 397 ಪಂದ್ಯ. 258 ಗೆಲುವು, 74 ಸಮ, ಸೋಲು 57 ಮಾತ್ರ. ಒಂದೂ ಗೋಲು ಬಿಡದ ಪಂದ್ಯಗಳು 46. ವೆಜಿನಾ ಟ್ರೋಫಿ ಐದು ಬಾರಿ. ಅದರಲ್ಲಿ ಕೊನೆಯ ಮೂರನ್ನು ಜತೆಗಾರ ಮಿಷೆಲ್ ಲರೋಕ್ ಅವರೊಂದಿಗೆ ಹಂಚಿಕೊಂಡರು. ಇನ್ನೂ ಐದಾರು ವರ್ಷ ಆಡುವ ವಯಸ್ಸಿದ್ದರೂ, ಕೇಳುವವರಿದ್ದರೂ ಅವರು ನಿಲ್ಲಿಸಿದರು.

ನಿಲ್ಲಿಸಿದ ಮೇಲೆ ಬರೆಯಲು ಕುಳಿತರು. ತಮ್ಮ ಕೊನೆಯ ಋತುವಿನ ದಿನಗಳನ್ನು ಹಿಡಿದಿಟ್ಟ ‘ದಿ ಗೇಮ್’ ಪುಸ್ತಕ 1983ರಲ್ಲಿ ಹೊರಬಂತು. ಹಾಕಿಯ ಬಗ್ಗೆ ಬಂದ ಪುಸ್ತಕಗಳಲ್ಲಿ ಅದಕ್ಕೆ ಸಮನಾದದ್ದಿಲ್ಲ ಎನ್ನುವವರು ಬಹಳ ಮಂದಿ. ಗೆಲುವಿನ ಪಟ್ಟಿ ಕೊಡುವ ಆತ್ಮಕಥೆಯಲ್ಲ ಅದು. ಬಸ್ಸು, ವಿಮಾನ, ಡ್ರೆಸಿಂಗ್ ರೂಮಿನ ಹರಟೆ, ಹೆಸರು ಬಂದಾಗ ಮನುಷ್ಯನಿಗೆ ಆಗುವ ಬದಲಾವಣೆ, ಆಟ ಬಿಟ್ಟ ಮೇಲೆ ತಾನು ಯಾರು ಎಂಬ ಭಯ, ಇವೆಲ್ಲ ಅದರಲ್ಲಿವೆ. ಇತಿಹಾಸದ ವಿದ್ಯಾರ್ಥಿಯ ಕಣ್ಣು ಗೋಲ್ ಕೀಪರ್‌ನ ಕಣ್ಣಿನ ಜತೆ ಸೇರಿದ್ದರಿಂದ ಹುಟ್ಟಿದ ಪುಸ್ತಕ. ಅದೇ ವರ್ಷ ಅವರ ಹೆಸರು ಹಾಕಿ ಗಣ್ಯರ ಸಾಲಿಗೂ ಸೇರಿತು.

ತರಗತಿಗೆ ಮರಳಿ

ಮುಂದಿನ ದಿನಗಳಲ್ಲಿ ಡ್ರೈಡನ್ ಹಲವು ಕೆಲಸಗಳನ್ನು ಮಾಡಿದರು. 1984ರಿಂದ 1986ರವರೆಗೆ ಒಂಟಾರಿಯೊ ಪ್ರಾಂತ್ಯದ ಯುವಜನ ಆಯುಕ್ತರಾಗಿ ನಿರುದ್ಯೋಗಿ ಯುವಕರ ಸಮಸ್ಯೆ ನೋಡಿಕೊಂಡರು. 1990ರ ದಶಕದಲ್ಲಿ ಟೊರಾಂಟೊ ಹತ್ತಿರದ ಹೈಸ್ಕೂಲೊಂದರ ತರಗತಿಗಳಲ್ಲಿ ತಿಂಗಳುಗಟ್ಟಲೆ ಕುಳಿತು ಪಾಠ ಹೇಗೆ ನಡೆಯುತ್ತದೆ ಎಂದು ನೋಡಿದರು. ಮೊದಲ ಬೆಂಚಿನ ಜಾಣರು, ತಂಟೆಕೋರರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಅವರ ನಡುವೆ ಸದ್ದಿಲ್ಲದೆ ಕುಳಿತ ಸಾಮಾನ್ಯ ವಿದ್ಯಾರ್ಥಿಗೆ ಏನು ತಲುಪುತ್ತಿದೆ ಎಂಬುದು ಅವರ ಕುತೂಹಲವಾಗಿತ್ತು. ಇದರ ಫಲವಾಗಿ 1995ರಲ್ಲಿ ‘ಇನ್ ಸ್ಕೂಲ್’ ಎಂಬ ಪುಸ್ತಕ ಬಂತು.

1997ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಅಧ್ಯಕ್ಷರಾದರು. 2004ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾಗಿ ಸಾಮಾಜಿಕ ಅಭಿವೃದ್ಧಿ ಸಚಿವರಾದರು. ದುಡಿಯುವ ತಂದೆ ತಾಯಂದಿರ ಎಳೆಯ ಮಕ್ಕಳ ಪಾಲನೆಗೆ ದೇಶವ್ಯಾಪಿ ವ್ಯವಸ್ಥೆ ತರಲು ಹತ್ತೂ ಪ್ರಾಂತ್ಯಗಳನ್ನು ಒಪ್ಪಿಸಿದರು. 2006ರಲ್ಲಿ ಸರ್ಕಾರ ಬದಲಾಗಿ ಹೊಸಬರು ಆ ಒಪ್ಪಂದಗಳನ್ನು ಕೈಬಿಟ್ಟರು. ಅದೇ ವರ್ಷ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿ ಸೋತರು. 2011ರ ಚುನಾವಣೆಯಲ್ಲಿ ಸಂಸತ್ ಸ್ಥಾನವನ್ನೂ ಕಳೆದುಕೊಂಡರು. ಗೋಲಿನ ಮುಂದೆ ಕಂಡಂಥ ಯಶಸ್ಸು ರಾಜಕೀಯದಲ್ಲಿ ಸಿಗಲಿಲ್ಲ. ಆದರೆ ಬಿಟ್ಟ ಗೋಲನ್ನು ನೆನೆಯುತ್ತ ನಿಂತರೆ ಮುಂದಿನದು ತಪ್ಪಿಹೋಗುತ್ತದೆ ಎಂದು ತಿಳಿದಿದ್ದವರಿಗೆ ಅದೇ ಅಭ್ಯಾಸ ಇಲ್ಲೂ ನೆರವಾಗಿರಬೇಕು. ಅವರು ಮೆಕ್‌ಗಿಲ್‌ಗೆ ಮರಳಿ ಪಾಠ ಹೇಳಿದರು, ಬರೆಯುವುದನ್ನು ನಿಲ್ಲಿಸಲಿಲ್ಲ.

2017ರಲ್ಲಿ ಬರೆದ ‘ಗೇಮ್ ಚೇಂಜ್’ ಪುಸ್ತಕದಲ್ಲಿ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು 35ರ ವಯಸ್ಸಿನಲ್ಲೇ ತೀರಿಕೊಂಡ ಆಟಗಾರ ಸ್ಟೀವ್ ಮೊಂಟಡೋರ್ ಅವರ ಕಥೆ ಹೇಳಿ, ತಲೆಗೆ ತಗಲುವ ಯಾವ ಹೊಡೆತವನ್ನೂ ಆಟ ಸಹಿಸಬಾರದೆಂದು ವಾದಿಸಿದರು. 2023ರಲ್ಲಿ ಬಂದ ‘ದಿ ಕ್ಲಾಸ್’ ಪುಸ್ತಕಕ್ಕಾಗಿ, 1960ರಲ್ಲಿ ಎಟೋಬಿಕೋದ ಹೈಸ್ಕೂಲಿನಲ್ಲಿ ತಮ್ಮೊಂದಿಗೆ ಒಂದೇ ಕೊಠಡಿಗೆ ಸೇರಿದ್ದ ಸಹಪಾಠಿಗಳನ್ನು ಅರವತ್ತು ವರ್ಷಗಳ ನಂತರ ಹುಡುಕಿಕೊಂಡು ಹೋಗಿ, ಅವರವರ ಬದುಕು ಯಾವ ದಾರಿ ಹಿಡಿಯಿತು ಎಂದು ಕೇಳಿ ಬರೆದರು.

ಕ್ಯಾನ್ಸರ್‌ನಿಂದ ಬಳಲಿದ ಡ್ರೈಡನ್ 2025ರ ಸೆಪ್ಟೆಂಬರ್ 5ರಂದು ತೀರಿಕೊಂಡರು. ವಯಸ್ಸು 78.

ಎಲ್ಲ ಮಕ್ಕಳಿಗೂ ಡ್ರೈಡನ್ ಅವರಿಗೆ ಸಿಕ್ಕಂಥ ಪ್ರತಿಭೆ, ಅಂಥ ಕಾಲೇಜು, ಅಂಥ ತಂಡ ಸಿಗುವುದಿಲ್ಲ ಎಂಬುದು ನಿಜ. ಆದರೆ ಒಂದು ಲೆಕ್ಕವನ್ನು ಎಲ್ಲ ಮನೆಗಳಲ್ಲೂ ಹಾಕಿ ನೋಡಬಹುದು. ಅವರ 78 ವರ್ಷಗಳ ಬದುಕಿನಲ್ಲಿ ಎನ್‌ಎಚ್‌ಎಲ್ ಆಟಕ್ಕೆ ಸಂದದ್ದು ಎಂಟು ಋತುಗಳು. ಆಟ ನಿಲ್ಲಿಸಿದ ಮೇಲೆ ಬದುಕಿದ್ದು 46 ವರ್ಷ. ಆ ಎಂಟಕ್ಕೆ ಅವರು ಪೂರ್ಣ ಮನಸ್ಸು ಕೊಟ್ಟರು. ಉಳಿದ 46ಕ್ಕೆ ಬೇಕಾದ ತಯಾರಿಯನ್ನು ಹದಿನೆಂಟರಲ್ಲೇ ಶುರು ಮಾಡಿದ್ದರು. ಮೈದಾನಕ್ಕೆ ಹೊರಟ ಮಗಳ ಚೀಲದಲ್ಲಿ ಪುಸ್ತಕವೂ ಇದೆಯೇ ಎಂದು ನೋಡುವ ತಂದೆ ತಾಯಿ, ಓದಲು ಕುಳಿತ ಮಗನನ್ನು ಸಂಜೆ ಒಂದು ಗಂಟೆ ಆಡಲು ಕಳಿಸುವುದನ್ನೂ ಮರೆಯದಿದ್ದರೆ ಸಾಕು.